ಟೊಪ್ಪಿಗೆಯ ಸೂಜಿಯೂ ಎತ್ತಿಲ್ಲದ ಬಂಡಿಯೂ

ವಿಜಯಪುರದಿಂದ ಇಂಡಿಗೋ ಸಿಂದಗಿಗೋ ಮೋಟಾರಿನಲ್ಲಿ ಹೊರಟವನನ್ನು ಮನೆಯ ಹಿರಿಯರು ಕೇಳುತ್ತಿದ್ದ ಪ್ರಶ್ನೆ ಒಂದೇ: ನಡುದಾರಿಯಲ್ಲಿ ಗಾಡಿ ನಿಂತರೆ ಗತಿಯೇನು? ಮಳೆ ಬಿದ್ದೊಡನೆ ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುವ ಈ ಸೀಮೆಯಲ್ಲಿ ಅದು ಸಹಜವಾದ ಪ್ರಶ್ನೆಯೇ ಸರಿ. ಜಗತ್ತಿನ ಮೊದಲ ದೂರದ ಮೋಟಾರು ಪಯಣಕ್ಕೂ ಇದೇ ಪ್ರಶ್ನೆ ಎದುರಾಗಿತ್ತೆಂದರೆ ವಾಚಕರಿಗೆ ಅಚ್ಚರಿಯೆನಿಸೀತು.

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಪೆಟ್ರೋಲ್ ಗಾಡಿಗೆ 1886ರಲ್ಲಿ ಪೇಟೆಂಟ್ ಪಡೆದನು. ಕೊಳ್ಳುವವರು ಮಾತ್ರ ಮುಂದೆ ಬರಲಿಲ್ಲ. 1888ರ ಆಗಸ್ಟಿನಲ್ಲಿ ಅವನ ಮಡದಿ ಬರ್ತಾ, ಗಂಡನಿಗೆ ತಿಳಿಸದೆಯೇ, ಇಬ್ಬರು ಮಕ್ಕಳೊಡನೆ ಆ ಗಾಡಿಯನ್ನೇರಿ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನಲ್ಲಿದ್ದ ತವರಿಗೆ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಮಿಗಿಲು. ಪೆಟ್ರೋಲ್ ಬಂಕ್ ಎಂಬುದೇ ಆಗ ಇರಲಿಲ್ಲ. ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ದ್ರವವನ್ನೇ ಕೊಂಡು ತುಂಬಿಸಿದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೊಪ್ಪಿಗೆಯ ಸೂಜಿಯಿಂದ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲ್ಚೀಲದ ಪಟ್ಟಿಯನ್ನು ಸುತ್ತಿದಳು. ಸರಪಳಿಯನ್ನು ಕಮ್ಮಾರನೊಬ್ಬನು ಸರಿಪಡಿಸಿದನು. ಸವೆದ ಬ್ರೇಕಿಗೆ ಪಾದರಕ್ಷೆ ಮಾಡುವವನೊಬ್ಬನು ತೊಗಲು ಹೊಡೆದುಕೊಟ್ಟನು. ಏರು ಬಂದೆಡೆ ಮಕ್ಕಳು ಇಳಿದು ತಳ್ಳಿದರು.

ಬಸವಣ್ಣನವರ ಜನ್ಮಸ್ಥಳವೆಂದು ಹೆಸರಾದ ಬಸವನ ಬಾಗೇವಾಡಿಯವರಿಗೆ ಈ ಕಥೆಯ ಸಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಂಟ್ ಒಬ್ಬನದು, ಗಾಡಿ ಊರು ಮುಟ್ಟಿದ್ದು ಹಲವರ ಕಾಯಕದಿಂದ.

ಇಂದು ನವೀನವೆಂದು ಹೊಗಳಿಸಿಕೊಳ್ಳುವ ವಿದ್ಯುತ್ ಕಾರಿಗೂ ವಯಸ್ಸಾಗಿದೆ. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊತ್ತಮೊದಲು ದಾಟಿದ ಕಾರು ಬ್ಯಾಟರಿಯದೇ. ಬೆಲ್ಜಿಯಮ್ಮಿನ ಕಮೀ ಜೆನಾಟ್ಸಿ 1899ರಲ್ಲಿ ಅದನ್ನು ಓಡಿಸಿದನು. ಪೆಟ್ರೋಲ್ ಕಾರನ್ನು ಆಗ ಹ್ಯಾಂಡಲ್ ತಿರುವಿ ಎಬ್ಬಿಸಬೇಕಾಗಿತ್ತು. ಅದು ಹಿಮ್ಮುಖವಾಗಿ ಬಡಿದು ಕೈ ಮುರಿಯುವುದೂ ಉಂಟು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್ ಬಂದು ಆ ಕಷ್ಟ ನೀಗಿತು. ಆ ಸ್ಟಾರ್ಟರಾದರೋ ಒಂದು ವಿದ್ಯುತ್ ಮೋಟಾರು! ಹೀಗೆ ವಿದ್ಯುತ್ ಕಾರು ಹಿಂದೆ ಬೀಳಲು ವಿದ್ಯುತ್ತೇ ನೆರವಾಯಿತು.

ಬೆಂಗಳೂರಿನ ರೇವಾ 2001ರಲ್ಲಿ ಅದನ್ನು ಮತ್ತೆ ಬೀದಿಗೆ ತಂದಿತು, ಲಂಡನ್ನಿನಲ್ಲೂ ಓಡಿತು. ಒಮ್ಮೆ ವಿದ್ಯುತ್ ತುಂಬಿದರೆ ಅದರ ಓಟ ಸುಮಾರು 80 ಕಿಲೋಮೀಟರು. ವಿಜಯಪುರದಿಂದ ಮುದ್ದೇಬಿಹಾಳವೂ ಹೆಚ್ಚುಕಡಿಮೆ ಅಷ್ಟೇ ದೂರ! ಹೋದವನು ಮರಳುವುದೆಂತು? ಈಚಿನ ಬ್ಯಾಟರಿಗಳು ಅದಕ್ಕಿಂತ ಬಹುದೂರ ಬಾಳುತ್ತವೆ, ನಿಜ. ಆದರೂ ಹಿರಿಯರ ಹಳೆಯ ಪ್ರಶ್ನೆ ಪೂರ್ತಿ ಅಳಿದಿಲ್ಲ.

ಹಿಂದೆ ಬಾಗೇವಾಡಿ ತಾಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ ವಿದ್ಯುತ್ ತೆಗೆಯುವ 290 ಮೆಗಾವಾಟ್ ಸಾಮರ್ಥ್ಯದ ಕೇಂದ್ರವಿದೆ. ಆ ವಿದ್ಯುತ್ತನ್ನು ಹಾದಿಬದಿಯಲ್ಲಿ, ನಿಂತ ಗಾಡಿಗೆ ಅಳೆದುಕೊಡುವ ಸಣ್ಣ ಅಂಗಡಿಕಾರನು ಈ ಊರುಗಳ ನಡುವೆ ಎಲ್ಲೆಲ್ಲಿ ಕುಳಿತಾನೋ, ಅಲ್ಲಲ್ಲಿ ವೀಸ್‌ಲೋಖಿನ ಔಷಧದ ಅಂಗಡಿ ಮತ್ತೊಮ್ಮೆ ಬಾಗಿಲು ತೆರೆದಂತೆಯೇ.