ಓಮಲೂರಿನ ದಾರಿಯಲ್ಲಿ ಕೊಂಬು ಮೂಡಿದ ಹೆಲ್ಮೆಟ್ಟುಗಳು

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳನ್ನು ದಾಟಿ ದಕ್ಷಿಣಕ್ಕೆ ಸುಮಾರು 190 ಕಿ.ಮೀ. ಕ್ರಮಿಸಿದರೆ ಓಮಲೂರು ಸಿಗುತ್ತದೆ. ಹಿಂದೆ 7ನೇ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿದ್ದ ಈ ರಸ್ತೆ 2010ರ ಮರುಸಂಖ್ಯೆಯ ನಂತರ 44ನೇ ಹೆದ್ದಾರಿಯಾಗಿದೆ. ಇಲ್ಲಿಂದ ನೇರವಾಗಿ ಹೋದರೆ ಸೇಲಂ. ಪಶ್ಚಿಮಕ್ಕೆ ತಿರುಗಿದರೆ ಮೇಚೇರಿಯ ಮಾರ್ಗವಾಗಿ ಮೆಟ್ಟೂರು ಅಣೆಕಟ್ಟು. 1792ರ ಶ್ರೀರಂಗಪಟ್ಟಣ ಒಪ್ಪಂದದವರೆಗೆ ಈ ಸೀಮೆಯೆಲ್ಲ ಮೈಸೂರಿನ ಆಳ್ವಿಕೆಗೆ ಸೇರಿತ್ತು. ಸೇಲಂ ಕಡೆಯ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡದ ಮಾತು ಕೇಳಿಬರುತ್ತದೆ. ಆದ್ದರಿಂದ ನಮ್ಮವರಿಗೆ ಇದು ಪೂರ್ತಿ ಪರವೂರಲ್ಲ.

ನಾವು ಮೂರು ಮನೆಯವರು ಮಕ್ಕಳುಮರಿಗಳೊಂದಿಗೆ ಏರ್ಕಾಡಿನ ಬೆಟ್ಟಕ್ಕೆಂದು ಹೊರಟಿದ್ದೆವು. ಧರ್ಮಪುರಿ ಬಿಟ್ಟ ಮೇಲೆ ತೊಪ್ಪೂರು ಕಣಿವೆಯ ಇಳಿಜಾರು ಬರುತ್ತದೆ. ಅಪಘಾತಗಳಿಗೆ ಹೆಸರಾದ ತಾಣವಿದು. ಹೊರೆ ಹೊತ್ತ ಲಾರಿಗಳು ಇಳುಕಲಿನಲ್ಲಿ ಹಿಡಿತ ತಪ್ಪಿ ಮುಂದಿನ ವಾಹನಗಳ ಮೇಲೆ ಎರಗಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೇವೆ. ಕಣಿವೆಯನ್ನು ಕ್ಷೇಮವಾಗಿ ದಾಟಿ, ಓಮಲೂರಿನ ಬಳಿ ಚಹಾದಂಗಡಿಯ ಮುಂದೆ ವ್ಯಾನು ನಿಲ್ಲಿಸಿದಾಗ ಎಲ್ಲರಿಗೂ ನಿಟ್ಟುಸಿರು.

ಅಲ್ಲಿ ನಮ್ಮ ಮಕ್ಕಳ ಕಣ್ಣಿಗೆ ಮೊದಲು ಬಿದ್ದದ್ದು ಸಾಲಾಗಿ ನಿಂತಿದ್ದ ಮೋಟಾರು ಸೈಕಲ್ಲುಗಳು. ಅವುಗಳ ಕನ್ನಡಿಗೆ ತೂಗುಹಾಕಿದ್ದ ಹೆಲ್ಮೆಟ್ಟುಗಳಲ್ಲಿ ಒಂದಕ್ಕೆ ಬೆಕ್ಕಿನ ಕಿವಿ, ಇನ್ನೊಂದಕ್ಕೆ ಕೆಂಪು ಕೊಂಬು, ಮತ್ತೊಂದಕ್ಕೆ ನೆತ್ತಿಯಿಂದ ಹಿಂದಕ್ಕೆ ಇಳಿಬಿದ್ದ ನರಿಯ ಬಾಲ! ರಜೆಯ ದಿನ ಬೆಂಗಳೂರಿನ ತರುಣರು ಗುಂಪುಗೂಡಿ ಏರ್ಕಾಡಿಗೆ ಬರುವ ದಾರಿಯಿದು. ನಮ್ಮ ಗುಂಪಿನ ಏಳು ವರ್ಷದ ಬಾಲೆ ಬೆಕ್ಕಿನ ಕಿವಿಯನ್ನು ಮುಟ್ಟಿ ನೋಡಿ, “ಅಪ್ಪಾಜಿ, ನನಗೂ ಇಂಥದ್ದು ಕೊಡಿಸಿದರೆ ದಿನಾ ಹಾಕ್ಕೋತೀನಿ” ಎಂದಳು. ಶಾಲೆಗೆ ಸ್ಕೂಟರಿನಲ್ಲಿ ಹೋಗುವಾಗ ಹೆಲ್ಮೆಟ್ ಹಾಕಿಸಲು ಅವಳ ತಾಯಿ ದಿನನಿತ್ಯ ಪಡುವ ಪಾಡು ನಮಗೆಲ್ಲ ಗೊತ್ತಿತ್ತು. ಹುಡುಗಾಟಿಕೆ ಎಂದು ತಳ್ಳಿಹಾಕುವುದೋ, ಕೊಡಿಸುವುದೋ? ಚಹಾ ಆರುವವರೆಗೂ ನಮ್ಮೊಳಗೆ ಇದೇ ಚರ್ಚೆ.

ನಿಜಕ್ಕೂ ಕೊಂಬಿನ ಅಲಂಕಾರ ಈ ನೆಲಕ್ಕೆ ಹೊಸದಲ್ಲ. ಧರ್ಮಪುರಿ ಜಿಲ್ಲೆಯ ಕಾವೇರಿ ತೀರದ ಆಲಂಬಾಡಿ ಎತ್ತುಗಳು ನಮ್ಮ ಹಳ್ಳಿಕಾರ್ ತಳಿಯ ದಾಯಾದಿಗಳು. ಅದೇ ಹಿಂದಕ್ಕೆ ಬಾಗಿದ ನೀಳವಾದ ಕೊಂಬು. ಪೊಂಗಲ್ಲಿನ ಮರುದಿನ ಮಾಟ್ಟುಪೊಂಗಲ್. ಅಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗಂಟೆ, ಹೂಮಾಲೆ ಕಟ್ಟಿ, ಕೊಂಬಿನ ತುದಿಗೆ ಬಲೂನನ್ನೂ ತೂಗಿಬಿಡುತ್ತಾರೆ. ನಮ್ಮ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವ ಮುನ್ನ ಮಾಡುವ ಸಿಂಗಾರವೂ ಇಂಥದೇ ಅಲ್ಲವೇ? ಎತ್ತಿನ ಜಾಗಕ್ಕೆ ಎಂಜಿನ್ನು ಬಂದ ಮೇಲೆ ಸಿಂಗಾರ ಲಾರಿಗೆ ಏರಿತು. ಲಾರಿ ಉದ್ಯಮಕ್ಕೆ ಹೆಸರಾದ ಸಂಕಗಿರಿ ಇದೇ ಸೇಲಂ ಜಿಲ್ಲೆಯಲ್ಲಿದೆ, ನಾಮಕ್ಕಲ್ ಪಕ್ಕದಲ್ಲಿದೆ. ಓಮಲೂರಿಗೆ ಸಮೀಪದ ತಾರಮಂಗಲದಲ್ಲಿ ಗಟ್ಟಿ ಮುದಲಿ ಮನೆತನದವರ ಕಾಲದ ಕೈಲಾಸನಾಥ ದೇವಾಲಯವಿದೆ. ಅಲ್ಲಿನ ಕಂಬಗಳಲ್ಲಿ ಮುಂಗಾಲೆತ್ತಿದ ಕುದುರೆಗಳೂ, ಬಾಯೊಳಗೆ ಉರುಳುವ ಕಲ್ಲಿನ ಗುಂಡನ್ನಿಟ್ಟುಕೊಂಡ ಯಾಳಿಯೂ ಇವೆ. ಸವಾರಿಗೂ ಪ್ರಾಣಿಯ ಸೊಬಗಿಗೂ ನಂಟು ಹಳೆಯದು. ಹುಡುಗರ ಹೆಲ್ಮೆಟ್ಟಿಗೆ ಕೊಂಬು ಮೂಡಿದ್ದರಲ್ಲಿ ಆಶ್ಚರ್ಯವೇನು!

ಆದರೆ ಹೆಲ್ಮೆಟ್ಟು ಎತ್ತಿನ ಕೊಂಬಲ್ಲ. ಅದು ಇರುವುದು ತಲೆ ಕಾಯಲಿಕ್ಕೆ. ಆ ಅರಿವು ಲೋಕದಲ್ಲಿ ಬಲಗೊಂಡದ್ದರಲ್ಲಿ ಒಂದು ಸಾವಿನ ಪಾತ್ರವೂ ಇದೆ. ‘ಅರೇಬಿಯಾದ ಲಾರೆನ್ಸ್’ ಎಂದು ಖ್ಯಾತರಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು, ಕೆಲವು ದಿನ ಎಚ್ಚರವಿಲ್ಲದೆ ಮಲಗಿ ಅಸುನೀಗಿದರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಮಿದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್, ಸವಾರರ ತಲೆಯ ಗಾಯಗಳನ್ನೇ ಅಧ್ಯಯನಕ್ಕೆ ಎತ್ತಿಕೊಂಡು 1941ರಲ್ಲಿ ಲೇಖನ ಪ್ರಕಟಿಸಿದರು. ಮುಂದೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ಸಮೀಕ್ಷೆಯೊಂದು, ಹೆಲ್ಮೆಟ್ ಧರಿಸಿದ ಸವಾರರಲ್ಲಿ ಸಾವಿನ ಅಪಾಯ ಶೇಕಡಾ 42ರಷ್ಟೂ ತಲೆಗೆ ಪೆಟ್ಟಾಗುವ ಅಪಾಯ ಶೇಕಡಾ 69ರಷ್ಟೂ ಕಡಿಮೆಯಾಗುವುದೆಂದು ತೋರಿಸಿತು.

ಹೆಲ್ಮೆಟ್ಟಿನ ಹೊರಚಿಪ್ಪು ಗಟ್ಟಿ ಮತ್ತು ನುಣುಪು. ಒಳಗೆ ಥರ್ಮಾಕೋಲಿನಂಥ ದಪ್ಪ ಪದರವಿರುತ್ತದೆ. ಪೆಟ್ಟು ಬಿದ್ದಾಗ ಚಿಪ್ಪು ಅದನ್ನು ಅಗಲಕ್ಕೆ ಹರಡುತ್ತದೆ. ಒಳಪದರ ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಹೊರಮೈ ನುಣುಪಾಗಿರುವುದಕ್ಕೂ ಕಾರಣವುಂಟು. ಬಿದ್ದ ತಲೆ ರಸ್ತೆಯ ಮೇಲೆ ಜಾರಬೇಕೇ ಹೊರತು ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಗಡುಸಾದ ಕೊಂಬೊಂದು ನೆಲಕ್ಕೆ ತಗುಲಿ ಸಿಕ್ಕಿಕೊಂಡರೆ ತಲೆ ತಿರುಚಿ, ಕತ್ತಿಗೂ ಮಿದುಳಿಗೂ ಕುತ್ತು ಬರಬಹುದು. ಆದ್ದರಿಂದಲೇ ಅಮೆರಿಕದ ನಿಯಮವು ಹೆಲ್ಮೆಟ್ಟಿನ ಹೊರಗೆ ಅತ್ಯಗತ್ಯ ಭಾಗಗಳ ಹೊರತು ಯಾವ ಗಡುಸು ಚಾಚಿಕೆಯನ್ನೂ ಒಪ್ಪುವುದಿಲ್ಲ. ಅವೂ 5 ಮಿ.ಮೀ. ಮೀರುವಂತಿಲ್ಲ.

ಇನ್ನು ಅಲಂಕಾರಕ್ಕೆಂದು ಹೆಲ್ಮೆಟ್ಟಿಗೆ ತೂತು ಕೊರೆದು ತಿರುಪು ಬಿಗಿಯುವುದಂತೂ ಕೊಡೆಗೆ ತೂತು ಮಾಡಿ ಮಳೆಗೆ ಹಿಡಿದಂತೆ. ತಿನ್ನರ್, ಪೆಟ್ರೋಲು, ಕಂಡಕಂಡ ಬಣ್ಣ, ಗಾಢವಾದ ಅಂಟು ಇವೂ ಪ್ಲಾಸ್ಟಿಕ್ಕಿನ ಚಿಪ್ಪನ್ನು ಕಣ್ಣಿಗೆ ಕಾಣದಂತೆ ದುರ್ಬಲಗೊಳಿಸಬಲ್ಲವು.

ಹಾಗಾದರೆ ಮಗುವಿನ ಆಸೆಗೆ ತಣ್ಣೀರೆರಚಬೇಕೇ? ಪೆಟ್ಟಿಗೆಯಲ್ಲಿ ಉಳಿದ ಹೆಲ್ಮೆಟ್ಟು ಯಾರನ್ನೂ ಕಾಯದು. ಕಾನೂನೂ ಈಗ ಮಕ್ಕಳನ್ನು ಬಿಟ್ಟಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿಗೆ 2019ರಲ್ಲಿ ಬಂದ ತಿದ್ದುಪಡಿಯಂತೆ, 4 ವರ್ಷ ಮೀರಿದ ಪ್ರತಿಯೊಬ್ಬರೂ ದ್ವಿಚಕ್ರ ವಾಹನದ ಮೇಲೆ ಹೆಲ್ಮೆಟ್ ಧರಿಸಬೇಕು. 9 ತಿಂಗಳಿಂದ 4 ವರ್ಷದೊಳಗಿನ ಮಕ್ಕಳಿಗೂ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಪಟ್ಟಿ, ಗಂಟೆಗೆ 40 ಕಿ.ಮೀ. ಮೀರದ ವೇಗ ಕಡ್ಡಾಯವೆಂಬ ನಿಯಮ 2023ರ ಫೆಬ್ರವರಿ 15ರಿಂದ ಜಾರಿಗೆ ಬಂದಿದೆ. ಬೆಕ್ಕಿನ ಕಿವಿಯ ಆಸೆಗಾದರೂ ಮಗು ತಾನಾಗಿ ಹೆಲ್ಮೆಟ್ ಕೇಳಿದರೆ ಅದು ತಾಯಿತಂದೆಗಳ ಭಾಗ್ಯವೇ ಸರಿ.

ನಮ್ಮ ಚರ್ಚೆಯನ್ನು ಬಗೆಹರಿಸಿದವರು ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಕನ್ನಡ ಬಲ್ಲ ವೃದ್ಧರೊಬ್ಬರು. “ಹಬ್ಬಕ್ಕೆ ಎತ್ತಿಗೆ ಎಲ್ಲಾ ಕಟ್ತಿದ್ವಿ ಸ್ವಾಮಿ. ಮಾರನೇ ದಿನ ನೊಗಕ್ಕೆ ಹೂಡುವಾಗ ಎಲ್ಲಾ ಬಿಚ್ತಿದ್ವಿ. ಅಷ್ಟೇ ಅಲ್ವಾ?” ಎಂದು ನಕ್ಕರು. ಅಷ್ಟೇ! ಸಿಂಗಾರಕ್ಕೊಂದು ಹೊತ್ತು, ದುಡಿಮೆಗೊಂದು ಹೊತ್ತು.

ಈ ಮಾತನ್ನೇ ಆಧಾರವಾಗಿಟ್ಟುಕೊಂಡು ನಾವು ಕೆಲವು ಕಟ್ಟಳೆ ಮಾಡಿಕೊಂಡೆವು. ವಾಚಕ ಬಂಧುಗಳಿಗೂ ಉಪಯೋಗವಾದೀತು. ಮೊದಲು ಹೆಲ್ಮೆಟ್ಟು, ಆಮೇಲೆ ಕಿವಿ: ಐ.ಎಸ್.ಐ. ಗುರುತು, ಐ.ಎಸ್. 4151 ಎಂಬ ಸಂಖ್ಯೆ ಇರುವುದನ್ನೇ ಮಗುವಿನ ತಲೆಯ ಅಳತೆಗೆ ಸರಿಯಾಗಿ ಕೊಳ್ಳಬೇಕು. ಗದ್ದದ ಪಟ್ಟಿ ಬಿಗಿಯದಿದ್ದರೆ ಅದು ಬರಿಯ ಟೊಪ್ಪಿಗೆ. ಅಲಂಕಾರ ಮೆತ್ತಗಿರಬೇಕು, ಒತ್ತಿದರೆ ಅಂಟುವ ರಬ್ಬರಿನ ಬಟ್ಟಲಿನದೋ ವೆಲ್ಕ್ರೋ ಪಟ್ಟಿಯದೋ ಆಗಿದ್ದು, ಮಗುವಿನ ಕೈಯಿಂದ ಎಳೆದರೂ ಕಳಚುವಂತಿರಬೇಕು. ಹೆದ್ದಾರಿ ಸೇರುವ ಮುನ್ನ ಅದನ್ನು ತೆಗೆದು ಚೀಲಕ್ಕೆ ಹಾಕಬೇಕು, ಏಕೆಂದರೆ ಗಾಳಿಗೆ ಹಾರಿದ ಕಿವಿ ಹಿಂದೆ ಬರುವವನ ಮುಖಕ್ಕೆ ಬಡಿದೀತು. ನೀಳವಾದ ಬಾಲ, ಜಡೆಗಳು ಬೇಡವೇ ಬೇಡ. ತುಪ್ಪಳವು ನೂಲಿನದೋ ನಿಜವಾದ ಪ್ರಾಣಿಯದೋ ಎಂದು ವಿಚಾರಿಸದೆ ಕೊಳ್ಳಬಾರದು. ಪ್ರಾಣಿಯ ಸೊಗಸನ್ನು ಮೆಚ್ಚುವುದಕ್ಕೆ ಪ್ರಾಣಿಯೇ ಬಲಿಯಾಗಬೇಕಿಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಮೇಲೆ ಬಿರುಕು ಕಾಣದಿದ್ದರೂ, ಬದಲಿಸಬೇಕು.

ಸೇಲಂ ಪೇಟೆಯಲ್ಲಿ ಬಾಲೆಗೆ ಹೊಸ ಹೆಲ್ಮೆಟ್ಟನ್ನೂ ಬೂದು ಬಣ್ಣದ ಎರಡು ಮೆತ್ತನೆಯ ಕಿವಿಗಳನ್ನೂ ಕೊಡಿಸಿದ್ದಾಯಿತು. ಈಗ ಶಾಲೆಯ ಗೇಟಿನಲ್ಲಿ ಇಳಿದೊಡನೆ ಅವಳು ಕಿವಿ ಅಂಟಿಸಿಕೊಂಡು ಗೆಳತಿಯರಿಗೆ ತೋರಿಸುತ್ತಾಳಂತೆ. ಸ್ಕೂಟರು ಹೊರಡುವ ಮುನ್ನ ತಾನೇ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾಳಂತೆ. ಹೆಲ್ಮೆಟ್ಟು ಮಾತ್ರ ತಲೆಯ ಮೇಲೆಯೇ ಇರುತ್ತದೆ. ಅವಳ ತಾಯಿಗೆ ಬೆಳಗಿನ ಹೊತ್ತಿನ ಒಂದು ಜಗಳ ಕಡಿಮೆಯಾಗಿದೆ.