ಬೆನ್ನುನೋವೂ ಗಾಲ್ಫ್ ಆಟವೂ

ಮಾರೇನಹಳ್ಳಿಯಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರಾದ ನಾವು ಅರುವತ್ತು ದಾಟಿಯೂ ಗಾಲ್ಫ್ ಆಡುವವರು. ಬೆನ್ನುನೋವು ತಲೆದೋರಲು, ಆಟವನ್ನೇ ತೊರೆಯಬೇಕಾದೀತೆಂದು ಕಳವಳಗೊಂಡೆವು. ವಿಚಾರಿಸಲಾಗಿ ದಾರಿ ತೋರಿತು. ಕೆಳಬೆನ್ನಿನ ಎಲುಬುಗಳು ಅಲ್ಪವೇ ತಿರುಗಬಲ್ಲವು. ಹೆಚ್ಚಾಗಿ ತಿರುಗಬಲ್ಲದ್ದು ತೊಡೆಯ ಕೀಲು. ಆದುದರಿಂದ ಕೋಲನ್ನು ಹಿಂದಕ್ಕೆತ್ತುವಾಗ ಎಡ ಹಿಮ್ಮಡಿಯನ್ನು ತುಸು ಎತ್ತಿ, ಭುಜಗಳೊಡನೆ ಸೊಂಟವನ್ನೂ ತಿರುಗಗೊಡುತ್ತೇವೆ. ಕೈಗಳನ್ನು ಹೆಗಲ ಮಟ್ಟದಲ್ಲಿಯೇ ತಡೆಯುತ್ತೇವೆ. ಹೊಡೆದ ಬಳಿಕ ಬೆನ್ನನ್ನು ಹಿಂದಕ್ಕೆ ಬಾಗಿಸದೆ ನೆಟ್ಟಗೆ ನಿಲ್ಲುತ್ತೇವೆ. ಚೆಂಡು ಮೊದಲಿನಷ್ಟು ದೂರ ಹೋಗದು. ಅದಕ್ಕಾಗಿ ಮರುಗಲಾರೆವು. ನಮ್ಮ ಬೆಂಗಳೂರಿನ ಅದಿತಿ ಅಶೋಕರಿಗೂ ದೂರದ ಹೊಡೆತ ದೊಡ್ಡ ಬಲವಲ್ಲ. ಗುಳಿಯ ಸಮೀಪದ ನಿಖರತೆಯಿಂದಲೇ ಅವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಬೆನ್ನುಬೇನೆಯುಳ್ಳ ಸೋದರಿಯರು ವೈದ್ಯರ ಅನುಮತಿ ಪಡೆದು, ಬಲವನ್ನು ತಗ್ಗಿಸಿ, ಆಟವನ್ನು ಉಳಿಸಿಕೊಳ್ಳಲೆಂದು ಹಾರೈಸುತ್ತೇವೆ.