ಬಾನೆಟ್ ಎತ್ತದ ಕಾರುಗಳು

ಆಳಂದ ತಾಲೂಕಿನ ಜಿಡಗಾ ಮಠಕ್ಕೆ ಭಕ್ತರು ಕೂಡುವ ದಿನ ಅಲ್ಲಿ ನಿಂತ ಗಾಡಿಗಳ ನಂಬರ್ ಪ್ಲೇಟು ನೋಡಿದರೆ ಸಾಕು, ಇದು ಗಡಿನಾಡು ಎಂಬುದು ತಿಳಿಯುತ್ತದೆ. ಕೆಎ 32 ಕಲಬುರಗಿಯದು, ಎಂಎಚ್ 13 ಸೋಲಾಪುರದ್ದು, ಎಂಎಚ್ 25 ಧಾರಾಶಿವದ್ದು. ಬೊಲೆರೊ, ಕ್ರೂಸರ್, ಸ್ವಿಫ್ಟ್, ಇನೋವಾ ಸಾಲುಗಟ್ಟಿ ನಿಂತಿರುತ್ತವೆ. ಇಷ್ಟರಲ್ಲಿ ಬಾನೆಟ್ ಎತ್ತಿ ನಿಂತ ಗಾಡಿ ಹುಡುಕಿದರೂ ಸಿಗುವುದು ಕಷ್ಟ. ನಲವತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿ.ಮೀ. ದಾರಿ. ಅಷ್ಟಕ್ಕೇ ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕು, ಪಾನಾ, ಒಂದು ಹೆಚ್ಚಿನ ಫ್ಯಾನ್ ಬೆಲ್ಟು, ನೀರಿನ ಕ್ಯಾನು ಇಟ್ಟುಕೊಂಡೇ ಹೊರಡುತ್ತಿದ್ದರು.

ಆಗ ಕಾರು ಎಂದರೆ ಹೆಚ್ಚಾಗಿ ಎರಡೇ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಇಟಲಿಯ ಫಿಯಟ್ 1100ರಿಂದ ಬಂದ ಪ್ರೀಮಿಯರ್ ಪದ್ಮಿನಿ ಮುಂಬೈಯ ಕುರ್ಲಾದ್ದು. ಬುಕ್ ಮಾಡಿ ವರ್ಷಗಟ್ಟಲೆ ಕಾದರೂ ಸಿಗುತ್ತಿದ್ದದ್ದು ಹೀಟರ್, ಎಸಿ, ಪವರ್ ಸ್ಟೀರಿಂಗ್ ಯಾವುದೂ ಇಲ್ಲದ ಗಾಡಿ.

ಅಂಬಾಸಿಡರಿಗೆ ಈ ಸೀಮೆಯಲ್ಲಿ ಸಿಕ್ಕ ಮರ್ಯಾದೆಗೆ ಕಾರಣವಿತ್ತು. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರೂ ಅಲೆಅಲೆಯಾಗುತ್ತದೆ. ಮುಂದೆ ಟಾರ್ಷನ್ ಬಾರ್, ಹಿಂದೆ ಕಮಾನುಪಟ್ಟಿ ಇದ್ದ ಆ ಭಾರದ ಗಾಡಿ ಇಂಥ ದಾರಿಯ ಹೊಡೆತ ತಡೆದುಕೊಳ್ಳುತ್ತಿತ್ತು. ಅದು ಸೋಲುತ್ತಿದ್ದದ್ದು ಬಿಸಿಲಿಗೆ.

ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ಹಳೆಯ ಕಾರಿನ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಎಂಜಿನ್ ಕಾದರೆ ಪಂಪೂ ಕಾಯುತ್ತಿತ್ತು, ಪೈಪಿನೊಳಗಿನ ಪೆಟ್ರೋಲ್ ಆವಿಯಾಗುತ್ತಿತ್ತು. ಪಂಪು ಎಳೆದರೆ ಬರುವುದು ಬರೀ ಆವಿ. ಗಾಡಿ ನಾಲ್ಕು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಚಾಲಕ ಇಳಿದು ಬಾನೆಟ್ ಎತ್ತಿ, ಹೆಗಲ ಮೇಲಿನ ವಸ್ತ್ರ ತೋಯಿಸಿ ಪಂಪಿಗೆ ಸುತ್ತುತ್ತಿದ್ದ. ಬಟ್ಟೆಯಿಂದ ಉಗಿ ಏಳುತ್ತಿತ್ತು. ಒಳಗಿದ್ದವರು ಬೇವಿನ ಗಿಡದ ನೆರಳು ಹುಡುಕಿ ಕೂಡುತ್ತಿದ್ದರು. ಪಂಪು ತಣ್ಣಗಾದ ಮೇಲೆ ಸೆಲ್ಫ್ ಹೊಡೆಯುವುದು. ಬ್ಯಾಟರಿ ಸೋತಿದ್ದರೆ ಎಲ್ಲರೂ ಇಳಿದು ಧಕ್ಕಾ ಕೊಡುವುದು.

ಇನ್ನೊಂದು ಕಾಟ ಪಾಯಿಂಟಿನದು. ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ಪುಟ್ಟ ಲೋಹದ ತುದಿಗಳು ಕೂಡಿ ಬಿಟ್ಟಾಗಲೇ ಪ್ಲಗ್ಗಿಗೆ ಕಿಡಿ ಹೋಗಬೇಕು. ಅವುಗಳ ನಡುವಿನ ಸಂದು ಸುಮಾರು 0.4 ಮಿ.ಮೀ. ಇರಬೇಕು. ಕಿಡಿಗೆ ತುದಿ ಸುಟ್ಟು ಕರಕಲಾದರೆ ಮಿಸ್ತ್ರಿ ಪಾಲಿಶ್ ಕಾಗದದಿಂದ ಉಜ್ಜಿ, ಸಂದು ಅಳೆದು, ಸ್ಕ್ರೂ ಬಿಗಿದು, ಎಂಜಿನ್ ಸದ್ದಿಗೆ ಕಿವಿ ಕೊಟ್ಟು ಟ್ಯೂನಿಂಗ್ ಮಾಡುತ್ತಿದ್ದ. ಮೇಲಿಂದ ಮೇಲೆ ಮಾಡಲೇಬೇಕಾದ ಈ ಕೆಲಸಕ್ಕೆ ನುರಿತ ಕಿವಿ ಬೇಕಿತ್ತು. ಅಂಥ ಕಿವಿಯವರನ್ನು ಊರು ಗೌರವದಿಂದ ಕಾಣುತ್ತಿತ್ತು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೊಟ್ಟರು. 796 ಸಿಸಿಯ ಮೂರು ಸಿಲಿಂಡರಿನ ಆ ಸಣ್ಣ ಕಾರು ಬೆಳಿಗ್ಗೆ ಕೀಲಿ ತಿರುವಿದರೆ ಶುರುವಾಗುತ್ತಿತ್ತು. ಕೊಂಡವರಿಗೆ ಇದೇ ದೊಡ್ಡ ಸೌಲಭ್ಯವಾಗಿ ಕಂಡಿತು. ಮುಂದೆ 2000ರ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದವು. ಕಾರ್ಬುರೇಟರ್ ಹೋಗಿ, ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂತು. ಪಾಯಿಂಟಿನ ಕೆಲಸವನ್ನು ಎಲೆಕ್ಟ್ರಾನಿಕ್ ಇಗ್ನಿಷನ್ ವಹಿಸಿಕೊಂಡಿತು. ಪಂಪು ಪೆಟ್ರೋಲ್ ಟ್ಯಾಂಕಿನೊಳಗೇ ಮುಳುಗಿ ಕೂತು, ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ತಳ್ಳತೊಡಗಿತು. ಒತ್ತಡದಲ್ಲಿರುವ ಪೆಟ್ರೋಲ್ ಸುಲಭಕ್ಕೆ ಆವಿಯಾಗುವುದಿಲ್ಲ. ಒದ್ದೆ ವಸ್ತ್ರದ ಕೆಲಸ ಅಲ್ಲಿಗೆ ಮುಗಿಯಿತು. ದೆಹಲಿಯ ಹೊಗೆ ತಗ್ಗಿಸಲು ಹಾಕಿದ ಕಟ್ಟಳೆ ಆಳಂದದ ಬಿಸಿಲಲ್ಲಿ ಗಾಡಿ ನಿಲ್ಲುವುದನ್ನು ತಪ್ಪಿಸಿತು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಿಜವಾದ ಸವಾರಿ ಜೀಪು, ಟ್ರ್ಯಾಕ್ಸ್, ಕ್ರೂಸರ್. ಹಳೆಯ ಟ್ರ್ಯಾಕ್ಸಿನಲ್ಲಿ ಇದ್ದದ್ದು ಮರ್ಸಿಡಿಸ್‌ನ ಓಎಂ 616 ಡೀಸೆಲ್ ಎಂಜಿನ್. 1970ರ ದಶಕದಲ್ಲಿ ಜರ್ಮನಿಯ ಟ್ಯಾಕ್ಸಿಗಳನ್ನು ಎಳೆದದ್ದು ಅದೇ. ಕಿಡಿಯ ಹಂಗಿಲ್ಲದ, ಕಂಪ್ಯೂಟರ್ ಇಲ್ಲದ ಆ ಎಂಜಿನ್ನನ್ನು ಊರ ಮಿಸ್ತ್ರಿಯೇ ಬಿಚ್ಚಿ, ಬೋರಿಂಗ್ ಮಾಡಿಸಿ, ಕೂಡಿಸುತ್ತಿದ್ದ. ಗಾಣಗಾಪುರದ ದತ್ತ ದೇವಸ್ಥಾನದ ಹುಣ್ಣಿಮೆಗೆ ಮಂದಿಯನ್ನು ತುಂಬಿಕೊಂಡು ಹೋಗಿ ಬರಲು ಅಂಥ ಗಾಡಿಯೇ ಬೇಕಿತ್ತು.

ಗಾಡಿ ಕೆಡದಿರುವುದು ಒಂದು ಭರವಸೆಯಾದರೆ, ಅಪಘಾತದಲ್ಲಿ ಜೀವ ಉಳಿಸುವುದು ಇನ್ನೊಂದು. ಇದು ಬಹಳ ತಡವಾಗಿ ಬಂತು. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಜನಪ್ರಿಯ ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಐದೂ ಮಾದರಿಗಳಿಗೆ ಸಿಕ್ಕದ್ದು ಸೊನ್ನೆ ಸ್ಟಾರ್. 2018ರಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆಯಿತು. 2019ರಲ್ಲಿ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು, 2022ರ ಹೊತ್ತಿಗೆ ಪಕ್ಕದ ಸೀಟಿಗೂ ಅದು ಬಂತು. ಆದರೆ ಹಿಂದಿನ ಸೀಟಿನ ಬೆಲ್ಟುಗಳು ಇಂದಿಗೂ ಎಷ್ಟೋ ಕಾರುಗಳಲ್ಲಿ ಕವರಿನ ಕೆಳಗೇ ಉಳಿದಿವೆ.

ಹೊಸ ಗಾಡಿ ಕೆಡುವುದು ಅಪರೂಪ. ಕೆಟ್ಟರೆ ಬೇರೆಯೇ ತೆರನಾಗಿ ಕೆಡುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂತು. ಆ ಮಸಿ ಸುಡಲು ಹೊಗೆ ಚೆನ್ನಾಗಿ ಕಾಯಬೇಕು, ಅದಕ್ಕೆ ಗಾಡಿ ಒಂದಷ್ಟು ಹೊತ್ತು ಎಡೆಬಿಡದೆ ವೇಗವಾಗಿ ಓಡಬೇಕು. ಜಿಡಗಾದಿಂದ ಆಳಂದಕ್ಕೆ, ಹೊಲದಿಂದ ಮನೆಗೆ ಮಾತ್ರ ಓಡುವ ಗಾಡಿಗೆ ಅದು ದಕ್ಕುವುದಿಲ್ಲ. ಫಿಲ್ಟರ್ ಕಟ್ಟುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ, ಎಂಜಿನ್ ಬಲ ತಗ್ಗುತ್ತದೆ. ಇಂಥ ಗಾಡಿ ಕೊಳ್ಳುವ ರೈತನಿಗೆ ಈ ಮಾತನ್ನು ಶೋರೂಮಿನಲ್ಲೇ ತಿಳಿಸಿ ಹೇಳಬೇಕು.

ಈಗ ಮಿಸ್ತ್ರಿಯ ಕಿವಿಯೊಂದೇ ಸಾಲದು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಪಿ0301 ಎಂಬಂಥ ಸಂಕೇತ ಬರುತ್ತದೆ: ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದು ಅರ್ಥ. ತಪ್ಪು ಪ್ಲಗ್ಗಿನದೋ ಕಾಯಿಲಿನದೋ ಇಂಜೆಕ್ಟರಿನದೋ ಎಂದು ಹುಡುಕುವುದು ಮತ್ತೆ ಮನುಷ್ಯನ ಕೆಲಸವೇ. ಬಲ್ಲವರು ಹತ್ತಿರ ಇಲ್ಲದಿದ್ದರೆ ಗಾಡಿಯನ್ನು ಕಲಬುರಗಿಗೋ ಸೋಲಾಪುರಕ್ಕೋ ಎಳೆದೊಯ್ಯಬೇಕು.

ಆಳಂದ, ಅಫಜಲಪುರ, ಜೇವರ್ಗಿಯ ಗ್ಯಾರೇಜುಗಳಲ್ಲಿ ಕಾರ್ಬುರೇಟರ್ ಬಿಚ್ಚಿ ಕಲಿತ ಕೈಗಳು ಇನ್ನೂ ಇವೆ. ಆ ಮಿಸ್ತ್ರಿಗಳಿಗೂ ಅವರ ಕೈಕೆಳಗಿನ ಹುಡುಗರಿಗೂ ಸ್ಕ್ಯಾನರ್, ಸೆನ್ಸರ್, ಬ್ಯಾಟರಿ ಕಾರಿನ ಕೆಲಸವನ್ನು ಕನ್ನಡದಲ್ಲಿ, ಸಂಜೆಯ ಹೊತ್ತಿನಲ್ಲಿ, ತಾಲೂಕಿನ ಐಟಿಐಗಳಲ್ಲೇ ಕಲಿಸುವ ವ್ಯವಸ್ಥೆ ಆಗಬೇಕು. ಗಾಡಿ ಮಾರುವ ಕಂಪನಿಗಳೂ ಸರ್ಕಾರವೂ ಕೂಡಿ ಇದನ್ನು ಬೇಗ ಮಾಡಲಿ.